ಹಾಯಿಗಿಂತ ಮೊದಲು ಲಂಗರು

ಸೇಶೆಲ್ಸ್‌ನಲ್ಲಿ ಕ್ಯಾಟಮರಾನ್ ಬಾಡಿಗೆಗೆ ಹಿಡಿಯುವವರು ಮೊದಲು ವಿಚಾರಿಸುವುದು ಕೋಣೆಗಳೆಷ್ಟು, ಎ.ಸಿ. ಇದೆಯೇ ಎಂದು. ವಿಚಾರಿಸಬೇಕಾದದ್ದು ಗಾಳಿಯನ್ನು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲ್ಲಿ ಆಗ್ನೇಯದ ಗಾಳಿ ಒಂದೇ ಸಮನೆ ಬೀಸುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವಾಯವ್ಯದ್ದು, ಜೊತೆಗೆ ಮಳೆ. ನಡುವಿನ ಸಂಧಿಕಾಲದಲ್ಲಿ ನೀರು ತಿಳಿಯಾಗಿರುತ್ತದೆ, ಆದರೆ ಹಾಯಿಗೆ ಗಾಳಿ ಸಾಲದು. ಪ್ರಾಸ್ಲಿನ್ ದ್ವೀಪದ ಹೆಸರಾಂತ ಆನ್ಸ್ ಲಾಜಿಯೋ ಕಡಲತೀರ ಇರುವುದು ವಾಯವ್ಯದ ಅಂಚಿನಲ್ಲಿ. ಹಾಗಾಗಿ ಆಗ್ನೇಯದ ಗಾಳಿಗೆ ಗುಡ್ಡವೇ ಅದಕ್ಕೆ ಮರೆ. ಗಾಳಿ ದಿಕ್ಕು ಬದಲಿಸಿದರೆ ಆ ಮರೆ ಹೋಯಿತು.

ನಾವು ಹೋದದ್ದು ಆಗ್ನೇಯದ ಗಾಳಿಯ ಕಾಲದಲ್ಲಿ. ನಮ್ಮಲ್ಲಿ ಯಾರಿಗೂ ದೋಣಿ ನಡೆಸುವ ಪರವಾನಗಿ ಇರಲಿಲ್ಲವಾದ್ದರಿಂದ ಅಲ್ಲಿಯವರೇ ಆದ ಸ್ಕಿಪ್ಪರ್ ಒಬ್ಬರನ್ನು ಗೊತ್ತುಮಾಡಿಕೊಂಡೆವು. ಸೇಶೆಲ್ಸ್‌ನ ಮುಖ್ಯ ದ್ವೀಪ ಮಾಹೆಯಿಂದ ಪ್ರಾಸ್ಲಿನ್‌ಗೆ ಸುಮಾರು 45 ಕಿಲೋಮೀಟರ್. ಗಾಳಿ ಮಗ್ಗುಲಿಂದ ಬಂದರೆ ಅರ್ಧ ದಿನದ ದಾರಿ. ಎರಡು ಒಡಲಿನ ದೋಣಿ ಒಂಟಿ ಒಡಲಿನದರಷ್ಟು ವಾಲುವುದಿಲ್ಲ, ಮೇಜಿನ ಮೇಲಿಟ್ಟ ಚಹಾ ಚೆಲ್ಲುವುದಿಲ್ಲ. ಆದರೂ ತೆರೆದ ಕಡಲಿನ ಅಲೆಗೆ ಹೊಟ್ಟೆ ತೊಳಸುತ್ತದೆ. ಮಾತ್ರೆ ನುಂಗುವುದಿದ್ದರೆ ಹೊರಡುವ ಮೊದಲೇ ನುಂಗಬೇಕು, ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಸ್ಕಿಪ್ಪರ್ ಹಾಯಿ ಏರಿಸುವುದನ್ನು ಎಲ್ಲರೂ ಫೋಟೋ ತೆಗೆಯುತ್ತಾರೆ. ನೋಡಬೇಕಾದದ್ದು ಅವರು ಲಂಗರು ಹಾಕುವುದನ್ನು. ಕ್ಯೂರಿಯಸ್ ದ್ವೀಪದ ಬಳಿ ಅವರು ದೋಣಿಯನ್ನು ನಿಧಾನಕ್ಕೆ ಸುತ್ತಿಸಿ, ನೀರಿನ ಬಣ್ಣ ನೋಡುತ್ತ ತಿಳಿ ಹಸಿರಿನ ಜಾಗ ಹುಡುಕಿದರು. ತಿಳಿ ಹಸಿರಿದ್ದರೆ ಕೆಳಗೆ ಮರಳು, ಕಂದಾಗಿದ್ದರೆ ಹವಳ. 5 ಮೀಟರ್ ಆಳಕ್ಕೆ 25 ಮೀಟರ್ ಸರಪಳಿ ಬಿಟ್ಟರು. ಸರಪಳಿ ತಳದಲ್ಲಿ ಅಡ್ಡ ಮಲಗಿದರೆ ಮಾತ್ರ ಲಂಗರು ಮರಳಿಗೆ ಕಚ್ಚುತ್ತದೆ. ಎಂಜಿನ್ ಹಿಂದಕ್ಕೆ ಕೊಟ್ಟು ಜಗ್ಗಿ ನೋಡಿದರು. ಅದೂ ಸಾಲದೆ ಈಜುಗನ್ನಡಕ ಹಾಕಿ ನೀರಿಗೆ ಧುಮುಕಿ ಕಣ್ಣಾರೆ ಕಂಡು ಬಂದರು. ಬಳಿಕ ದಡದ ಒಂದು ತೆಂಗಿನ ಮರವನ್ನೂ ಅದರ ಹಿಂದಿನ ಬಂಡೆಯನ್ನೂ ಒಂದೇ ಗೆರೆಗೆ ತಂದುಕೊಂಡು ಗುರುತಿಟ್ಟರು. ಗೆರೆ ಸರಿದರೆ ದೋಣಿ ಸರಿದಂತೆ. ಮಲ್ಪೆಯ ಮೀನುದೋಣಿ ನಡೆಸುವ ತಾಂಡೇಲರಿಗಿರುವಂಥ ಕಣ್ಣು ಅದು. ಅಷ್ಟಾದ ಮೇಲೆ ರಾತ್ರಿ ನಮಗೆ ನಿಶ್ಚಿಂತೆಯ ನಿದ್ದೆ.

ಹಿಂದೆ ಕುಷ್ಠರೋಗಿಗಳನ್ನು ಇರಿಸುತ್ತಿದ್ದ ಕ್ಯೂರಿಯಸ್‌ನಲ್ಲಿ ಈಗ ದೈತ್ಯ ಆಮೆಗಳು ಸ್ವಚ್ಛಂದವಾಗಿ ಓಡಾಡುತ್ತವೆ. ಎದುರಿನ ಪ್ರಾಸ್ಲಿನ್‌ನಲ್ಲಿ, 1983ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ವಾಲೆ ದ ಮೇ ಕಾಡಿದೆ. ಸಸ್ಯಲೋಕದ ಅತಿ ಭಾರದ ಬೀಜ, ಕೊಕೊ ದ ಮೇರ್, ಅಲ್ಲಿಯದು. ನಮ್ಮ ಕೆಲವು ಸಾಧುಗಳ ಕೈಯಲ್ಲಿರುವ ಕಪ್ಪು ಕಮಂಡಲು ಇದೇ ಕಡಲ ತೆಂಗಿನ ಚಿಪ್ಪು. ಪರವಾನಗಿ ಪತ್ರವಿಲ್ಲದೆ ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ.

ದೋಣಿಯ ಮೇಲೆ ಸಿಹಿನೀರು ಅಳತೆಯದು. ತಟ್ಟೆಗಳನ್ನು ಮೊದಲು ಉಪ್ಪುನೀರಲ್ಲಿ ತೊಳೆದು, ಕೊನೆಯಲ್ಲಷ್ಟೇ ಸಿಹಿನೀರಲ್ಲಿ ಜಾಲಿಸಬೇಕು. ಸ್ನಾನವೂ ಹಾಗೇ, ಮೊದಲು ಕಡಲಿನಲ್ಲಿ.

ಹೊರಡುವವರಿಗೆ ಒಂದು ಮಾತು. ಇಂಧನ, ಸಾಗರ ಉದ್ಯಾನಗಳ ಶುಲ್ಕ, ಸ್ಕಿಪ್ಪರ್ ಸಂಬಳ, ಠೇವಣಿ ಇವೆಲ್ಲ ಬಾಡಿಗೆಯೊಳಗೋ ಹೊರಗೋ ಎಂಬುದನ್ನು ಮುಂಗಡ ಕೊಡುವ ಮುನ್ನ ಬರಹದಲ್ಲಿ ಪಡೆಯಿರಿ. ಸ್ಕಿಪ್ಪರ್ ಊಟ ಸಾಮಾನ್ಯವಾಗಿ ನಮ್ಮದೇ ಹೊಣೆ, ದಿನಸಿ ಪಟ್ಟಿಯಲ್ಲಿ ಅವರನ್ನೂ ಸೇರಿಸಿ. ಖರ್ಚು ಇಳಿಸಲೇಬೇಕಿದ್ದರೆ ಚಿಕ್ಕ ದೋಣಿ ಹಿಡಿಯಿರಿ, ಎರಡು ದಿನ ಕಡಿಮೆ ಮಾಡಿ. ಮೊದಲ ಸಲವಂತೂ ಸ್ಕಿಪ್ಪರ್ ಇಲ್ಲದೆ ಹೊರಡಬೇಡಿ.