ಅಡ್ವಾನ್ಸ್ ಬಾಡಿಗೆದಾರರ ದುಡ್ಡು: ಮನೆ ಬಾಡಿಗೆಗೆ ಕೊಡುವವರಿಗೆ ಒಂದಿಷ್ಟು ಲೆಕ್ಕ

ಬೆಂಗಳೂರಿನ ಯಾವ ಹಳೇ ಬಡಾವಣೆಗೆ ಹೋದರೂ ಥರ್ಟಿ-ಫಾರ್ಟಿ ಸೈಟಿನ ಮನೆಯ ನಕ್ಷೆ ಹೆಚ್ಚುಕಮ್ಮಿ ಒಂದೇ. ಕೆಳಗೆ ಓನರ್, ಮೊದಲ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಮನೆ, ಅದರ ಮೇಲೆ ಎರಡು ಸಿಂಗಲ್ ಬೆಡ್‌ರೂಮ್, ತಾರಸಿಯಲ್ಲಿ ಶೀಟು ಹೊದಿಸಿದ ಒಂದು ರೂಮು. ನಿವೃತ್ತಿಯಾದಾಗ ಬಂದ ಪಿಎಫ್, ಗ್ರಾಚ್ಯುಟಿ ಎಲ್ಲವೂ ಇಟ್ಟಿಗೆ-ಸಿಮೆಂಟಿಗೆ ಹೋಗಿರುತ್ತದೆ. ಇಂಥ ಮನೆಗಳಲ್ಲಿ ಓನರಿಗೂ ಬಾಡಿಗೆದಾರರಿಗೂ ಮನಸ್ತಾಪ ಶುರುವಾಗುವುದು ಸಾಮಾನ್ಯವಾಗಿ ಮನೆ ಖಾಲಿ ಮಾಡುವ ದಿನ, ಅಡ್ವಾನ್ಸ್ ವಾಪಸು ಕೇಳಿದಾಗ. ಆ ದುಡ್ಡು ಮೇಲಿನ ಮಹಡಿಯ ಟೈಲ್ಸಿಗೆ ಯಾವತ್ತೋ ಖರ್ಚಾಗಿಹೋಗಿರುತ್ತದೆ. ಬಾಡಿಗೆ ಆದಾಯ ನೆಚ್ಚಿಕೊಂಡು ಮನೆ ಕಟ್ಟುವವರು, ಫ್ಲ್ಯಾಟ್ ಕೊಳ್ಳುವವರು ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಮಾಡಬೇಕು ಎಂಬುದು ಇಲ್ಲಿದೆ.

ಮೊದಲು ಲೆಕ್ಕ

60 ಲಕ್ಷ ರೂಪಾಯಿಯ ಫ್ಲ್ಯಾಟ್ ಎಂದಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು, 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿರುವ ನೋಂದಣಿ ಶುಲ್ಕ, ಎಲ್ಲ ಸೇರಿ ಶೇ 7.6ರಷ್ಟು. ಅಂದರೆ ಇನ್ನೂ ನಾಲ್ಕೂವರೆ ಲಕ್ಷ ಬೇಕು. ಬಾಡಿಗೆ ತಿಂಗಳಿಗೆ 20 ಸಾವಿರ ಬಂದರೆ ವರ್ಷಕ್ಕೆ 2.40 ಲಕ್ಷ. ಅದರಲ್ಲಿ ಮನೆ ಖಾಲಿ ಬೀಳುವ ಒಂದು ತಿಂಗಳು, ಆಸ್ತಿ ತೆರಿಗೆ, ಪೇಂಟು, ಪ್ಲಂಬರ್ ಎಂದು 50 ಸಾವಿರ ತೆಗೆದಿಡಿ. ಉಳಿಯುವುದು 1.90 ಲಕ್ಷ. ಹಾಕಿದ 64.5 ಲಕ್ಷಕ್ಕೆ ಇದು ಶೇ 3ಕ್ಕಿಂತ ಕಡಿಮೆ. 45 ಲಕ್ಷ ಸಾಲವನ್ನು ಶೇ 8.5ರ ಬಡ್ಡಿಗೆ 20 ವರ್ಷಕ್ಕೆ ಎತ್ತಿದ್ದರೆ ಕಂತು ಸುಮಾರು 39 ಸಾವಿರ. ಬಾಡಿಗೆ ಬಂದ ಮೇಲೂ ತಿಂಗಳಿಗೆ 19 ಸಾವಿರ ಕೈಯಿಂದ ಕಟ್ಟಬೇಕು.

‘ಬಾಡಿಗೆಯಲ್ಲೇ ಇಎಂಐ ತೀರುತ್ತೆ ಸಾರ್’ ಎನ್ನುವ ಏಜೆಂಟರ ಮುಂದೆ ಈ ಲೆಕ್ಕ ಇಡಿ. ಮುಂದೆ ಬೆಲೆ ಏರುತ್ತದೆ ಎಂಬ ನಂಬಿಕೆ ಇದ್ದು ಕೊಳ್ಳುವುದಾದರೆ ಅದು ಬೇರೆ ಮಾತು. ಆದರೆ ಆಗ ನೀವು ಬಾಡಿಗೆಗೋಸ್ಕರ ಕೊಳ್ಳುತ್ತಿಲ್ಲ ಎಂಬುದು ನಿಮಗೆ ಗೊತ್ತಿರಬೇಕು. ಇರುವ ಸ್ವಂತ ಸೈಟಿನ ಮೇಲೆ ಮಹಡಿ ಎತ್ತುವವರಿಗೆ ಜಾಗದ ಬೆಲೆ ಸೇರದ ಕಾರಣ ಲೆಕ್ಕ ಇದಕ್ಕಿಂತ ಎಷ್ಟೋ ವಾಸಿ.

ಕಾಗದಪತ್ರ

ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ, ಅಂದರೆ ಇಸಿ, ತೆಗೆಸಿ. ಆ ಅವಧಿಯಲ್ಲಿ ವ್ಯವಹಾರ ನಡೆದಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಇಸಿ ಚೊಕ್ಕಟವಾಗಿದೆ ಎಂದು ಅಲ್ಲಿಗೇ ನಿಲ್ಲಿಸಬೇಡಿ. ನೋಂದಣಿಯಾಗದ ಕರಾರು, ಕೋರ್ಟಿನಲ್ಲಿರುವ ಪಾಲಿನ ದಾವೆ ಅದರಲ್ಲಿ ಕಾಣದೇ ಇರಬಹುದು. ಅದಕ್ಕೇ ಮೂಲ ಪತ್ರಗಳನ್ನು ಕೈಯಲ್ಲಿ ಹಿಡಿದು ನೋಡಬೇಕು. ಬಣ್ಣದ ಜೆರಾಕ್ಸ್ ತೋರಿಸಿ ‘ಒರಿಜಿನಲ್ ಊರಲ್ಲಿದೆ’ ಎಂದರೆ ಅದು ಬ್ಯಾಂಕಿನ ಲಾಕರಿನಲ್ಲಿ ಅಡವಿರುವ ಸಾಧ್ಯತೆಯೇ ಹೆಚ್ಚು.

ಬೆಂಗಳೂರಿನಲ್ಲಿ ಈಗ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ. ಪಂಚಾಯಿತಿ ವ್ಯಾಪ್ತಿಯ ಸೈಟಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. 11ಬಿ ಎಂದಿದ್ದರೆ ಭೂಪರಿವರ್ತನೆ ಅಥವಾ ಬಡಾವಣೆ ಅನುಮೋದನೆಯಲ್ಲಿ ಏನೋ ಬಾಕಿ ಇದೆ ಎಂದು ತಿಳಿದು ವಕೀಲರಿಗೆ ತೋರಿಸಿ. ಹೊಸ ಅಪಾರ್ಟ್‌ಮೆಂಟ್ ಯೋಜನೆ 500 ಚದರ ಮೀಟರ್ ಜಾಗವನ್ನೋ ಎಂಟು ಫ್ಲ್ಯಾಟನ್ನೋ ಮೀರಿದ್ದರೆ ರೇರಾ ನೋಂದಣಿ ಕಡ್ಡಾಯ. ಸ್ವಾಧೀನಾನುಭವ ಪತ್ರ, ಜನ ಒಸಿ ಎನ್ನುವುದು, ಇದೆಯೇ ನೋಡಿ. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಒಸಿ ಇಲ್ಲದ ಕಟ್ಟಡಕ್ಕೆ ಹೊಸ ವಿದ್ಯುತ್ ಸಂಪರ್ಕ ಸಿಗುವುದೇ ತ್ರಾಸವಾಯಿತು. ಮುಂದೆ ರಾಜ್ಯ ಸರ್ಕಾರ ಸಣ್ಣ ಸೈಟಿನ ಮನೆಗಳಿಗೆ ವಿನಾಯಿತಿ ಕೊಟ್ಟಿತು. ಮಹಡಿ ಎತ್ತುವ ಮೊದಲೇ ನಿಮ್ಮ ಸೈಟು ಆ ಮಿತಿಯೊಳಗೆ ಬರುತ್ತದೆಯೇ ಎಂದು ವಿಚಾರಿಸಿಕೊಳ್ಳಿ.

ಪ್ರತಿ ಮನೆಗೂ ಒಂದು ಮೀಟರು

ಒಂದೇ ಮೀಟರಿನಲ್ಲಿ ಮೂರು ಮನೆ ನಡೆಸಿ, ಸಬ್‌ಮೀಟರ್ ನೋಡಿ ದುಡ್ಡು ಕೇಳುವ ಪದ್ಧತಿ ಬಿಡಿ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ತು ಬಾಡಿಗೆದಾರರಿಗೂ ಉಂಟು. ಮೂರು ಮನೆಯ ಬಳಕೆ ಒಂದೇ ಮೀಟರಿನಲ್ಲಿ ಓಡಿದರೆ ಮಿತಿ ದಾಟಿ ಯಾರಿಗೂ ಸಿಗುವುದಿಲ್ಲ. ಪ್ರತ್ಯೇಕ ಆರ್‌ಆರ್ ಸಂಖ್ಯೆ ಇರುವ ಮನೆ ಬೇಗ ಬಾಡಿಗೆಗೆ ಹೋಗುತ್ತದೆ. ಖಾಲಿ ಮಾಡುವವರು ಆ ಸಂಖ್ಯೆಯಿಂದ ತಮ್ಮ ಆಧಾರ್ ಜೋಡಣೆ ತೆಗೆಸಿದ್ದಾರೆಯೇ ಎಂದು ನೋಡಿ, ಇಲ್ಲದಿದ್ದರೆ ಮುಂದೆ ಬರುವವರು ಅರ್ಜಿ ಹಾಕುವಾಗ ಪರದಾಡುತ್ತಾರೆ. ನೀರಿನ ವಿಷಯವನ್ನೂ ಮೊದಲೇ ಹೇಳಿಬಿಡಿ: ಕಾವೇರಿ ನೀರು ಯಾವ ದಿನ ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ಖರ್ಚು ಯಾರದ್ದು, ಮೋಟಾರು ಹಾಕುವವರು ಯಾರು.

ಕರಾರು

11 ತಿಂಗಳ ಅಗ್ರಿಮೆಂಟ್ ಯಾಕೆ ಎಂದು ಹಲವರು ಕೇಳುತ್ತಾರೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಆ ಓಡಾಟ ತಪ್ಪಿಸಲು ಬಂದ ರೂಢಿ ಇದು. ಟೈಪಿಂಗ್ ಅಂಗಡಿಯ ಸಿದ್ಧ ನಮೂನೆಗೆ ಸಹಿ ಹಾಕಿ ಬರಬೇಡಿ, ಕೂತು ಓದಿ. ಬಾಡಿಗೆ ಯಾವ ತಾರೀಖಿನೊಳಗೆ, 11 ತಿಂಗಳ ನಂತರ ಶೇ 5 ಏರಿಕೆಯೋ ಹತ್ತೋ, ಖಾಲಿ ಮಾಡಲು ಎಷ್ಟು ತಿಂಗಳ ನೋಟಿಸ್, ಎಷ್ಟು ಜನ ಇರುತ್ತಾರೆ, ಬೇರೆಯವರಿಗೆ ಒಳಬಾಡಿಗೆಗೆ ಕೊಡುವಂತಿಲ್ಲ, ಅಡ್ವಾನ್ಸ್ ಯಾವ ದಿನ ವಾಪಸು, ಅದರಲ್ಲಿ ಏನೇನು ಹಿಡಿಯಬಹುದು, ಇಷ್ಟೂ ಅಕ್ಷರದಲ್ಲಿ ಇರಲಿ. ಆಧಾರ್ ಪ್ರತಿ, ಕೆಲಸದ ಗುರುತಿನ ಚೀಟಿ, ಹಿಂದಿನ ಓನರಿನ ಫೋನ್ ನಂಬರು ಪಡೆಯಿರಿ. ಆ ಹಿಂದಿನ ಓನರಿಗೆ ಒಂದು ಫೋನ್ ಮಾಡಿದರೆ ಹತ್ತು ದಾಖಲೆಯಿಂದ ತಿಳಿಯದ್ದು ತಿಳಿಯುತ್ತದೆ. ಜಾತಿ, ಊಟ-ತಿಂಡಿ ವಿಚಾರಿಸಿ ಮನೆ ಕೊಡುವವರು ಇಂದಿಗೂ ಇದ್ದಾರೆ. ಬಾಡಿಗೆ ಹೊತ್ತಿಗೆ ಸರಿಯಾಗಿ ಬರುತ್ತದೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ.

ಅಡ್ವಾನ್ಸ್, ಲೀಸ್

ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟು ಠೇವಣಿ ಸಾಕು ಎನ್ನುತ್ತದೆ. ಬೆಂಗಳೂರಿನ ಹಳೇ ರೂಢಿ ಹತ್ತು ತಿಂಗಳದ್ದು. ಎಷ್ಟೇ ಪಡೆಯಿರಿ, ಅದು ಬಡ್ಡಿ ಇಲ್ಲದ ಸಾಲ, ಕೇಳಿದ ದಿನ ತೀರಿಸಬೇಕಾದದ್ದು. ಪಡೆದ ದಿನವೇ ಬೇರೊಂದು ಖಾತೆಗೋ ಎಫ್‌ಡಿಗೋ ಹಾಕಿ. ಬಡ್ಡಿ ನಿಮ್ಮದು, ಅಸಲು ಅವರದು. ನಗದಿನಲ್ಲಂತೂ ಬೇಡ. 20 ಸಾವಿರ ಅಥವಾ ಅದಕ್ಕೂ ಹೆಚ್ಚಿನ ಠೇವಣಿಯನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ತಡೆ ಇದೆ.

ಲೀಸ್ ಅಥವಾ ಭೋಗ್ಯದ ವಿಚಾರ ಇನ್ನೂ ಗಂಭೀರ. ತಿಂಗಳಿಗೆ 15 ಸಾವಿರ ಬಾಡಿಗೆ ಬರುವ ಮನೆಯನ್ನು 12 ಲಕ್ಷಕ್ಕೆ ಮೂರು ವರ್ಷ ಲೀಸಿಗೆ ಹಾಕಿದಿರಿ ಎನ್ನಿ. ಆ 12 ಲಕ್ಷ ಬ್ಯಾಂಕಿನಲ್ಲಿ ಶೇ 6.5ರಂತೆ ದುಡಿದರೆ ತಿಂಗಳಿಗೆ 6,500 ರೂಪಾಯಿ. ಬಾಡಿಗೆಯ ಅರ್ಧವೂ ಇಲ್ಲ. ಎರಡು ರೂಪಾಯಿ ಬಡ್ಡಿಯ ಕೈಸಾಲ 12 ಲಕ್ಷ ಇದ್ದರೆ ಮಾತ್ರ ಲೀಸಿಗೆ ಅರ್ಥವಿದೆ, ಏಕೆಂದರೆ ತಿಂಗಳಿಗೆ 24 ಸಾವಿರದ ಬಡ್ಡಿ ನಿಲ್ಲುತ್ತದೆ. ಆದರೂ ಮೂರು ವರ್ಷದ ಕೊನೆಗೆ 12 ಲಕ್ಷ ಎಲ್ಲಿಂದ? ಹೊಸ ಲೀಸಿನವರಿಂದ ಪಡೆದು ಹಳಬರಿಗೆ ಕೊಡುವುದು ಬಹುಮಂದಿಯ ದಾರಿ. ಹೊಸಬರು ಸಿಗುವುದು ಎರಡು ತಿಂಗಳು ತಡವಾದರೆ ಹಳಬರು ಮನೆ ಬಿಡುವುದಿಲ್ಲ, ಅವರು ಬಿಡದೆ ಹೊಸಬರಿಗೆ ತೋರಿಸಲಾಗುವುದಿಲ್ಲ. ಲೀಸಿನ ಅವಧಿಯುದ್ದಕ್ಕೂ ಪ್ರತಿ ತಿಂಗಳು ಇಂತಿಷ್ಟು ಎತ್ತಿಡಲು ಆಗದವರು ಬಾಡಿಗೆಗೇ ಕೊಡಿ.

ಇನ್ನೊಂದು ಎಚ್ಚರ. ‘ಮನೆ ನಮಗೆ ಬಿಡಿ, ತಿಂಗಳು ತಿಂಗಳು ಬಾಡಿಗೆ ನಿಮ್ಮ ಖಾತೆಗೆ ಹಾಕುತ್ತೇವೆ’ ಎಂದು ಬರುವ ಮಧ್ಯವರ್ತಿಗಳು ನಿಮಗೆ ಬಾಡಿಗೆ ಕಟ್ಟುತ್ತಾ, ಮನೆಯಲ್ಲಿರುವವರಿಂದ ಲಕ್ಷಗಟ್ಟಲೆ ಲೀಸ್ ದುಡ್ಡು ಪಡೆದಿರುತ್ತಾರೆ. ಒಂದು ದಿನ ಕಚೇರಿಗೆ ಬೀಗ. ನಿಮಗೆ ಬಾಡಿಗೆ ಇಲ್ಲ, ಅವರಿಗೆ ಲೀಸ್ ದುಡ್ಡಿಲ್ಲ, ಇಬ್ಬರೂ ಪೊಲೀಸ್ ಠಾಣೆಯ ಬೆಂಚಿನ ಮೇಲೆ. ಮನೆಯಲ್ಲಿ ಇರುವವರ ಜೊತೆಗೇ ನೇರವಾಗಿ ಕರಾರು ಮಾಡಿಕೊಳ್ಳಿ.

ಬೀಗದ ಕೈ ಕೊಡುವ ದಿನ, ಪಡೆಯುವ ದಿನ

ಮನೆ ಕೊಡುವ ದಿನ ಇಬ್ಬರೂ ಸೇರಿ ಫೋನಿನಲ್ಲಿ ವಿಡಿಯೊ ಮಾಡಿ: ನಲ್ಲಿ, ಗೀಸರ್, ಫ್ಯಾನು, ಸ್ನಾನದ ಮನೆಯ ಬಾಗಿಲಿನ ಬುಡ, ಮೀಟರ್ ರೀಡಿಂಗ್. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಅವರಿಗೂ ಕಳಿಸಿ. ಬಿಡುವ ದಿನ ಅದನ್ನೇ ತೆರೆದು ನೋಡಿದರೆ ವಾದಕ್ಕೆ ಎಡೆಯಿಲ್ಲ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ಇದೆ. ಆರೇ ತಿಂಗಳು ಇದ್ದವರಿಂದಲೂ ಪೂರ್ತಿ ಹಿಡಿಯುವುದು ನ್ಯಾಯವಲ್ಲ.

ಬಾಡಿಗೆ ಕೊಡದವರಿಗೆ ನೀರು, ಕರೆಂಟು ನಿಲ್ಲಿಸುವುದು, ಬೀಗದ ಮೇಲೆ ಬೀಗ ಜಡಿಯುವುದು ಮಾಡಬೇಡಿ, ಕೇಸು ನಿಮ್ಮ ಮೇಲೆಯೇ ತಿರುಗುತ್ತದೆ. ಲಿಖಿತ ನೋಟಿಸ್ ಕೊಡಿ. ಕರಾರಿನಲ್ಲಿ ಬೇರೆ ಏನೂ ಹೇಳಿಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ 15 ದಿನದ ನೋಟಿಸ್ ಎನ್ನುತ್ತದೆ. ಆಮೇಲಿನದು ನ್ಯಾಯಾಲಯದ ಕೆಲಸ.

ತೆರಿಗೆ

ಬಂದ ಬಾಡಿಗೆಯಲ್ಲಿ ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30 ರಿಪೇರಿ ಲೆಕ್ಕದಲ್ಲಿ ಬಿಲ್ಲಿಲ್ಲದೆ ಬಿಡುತ್ತಾರೆ. ಗೃಹಸಾಲದ ಬಡ್ಡಿಯನ್ನೂ ಕಳೆಯಬಹುದು. ಅದರಿಂದಾಗುವ ನಷ್ಟವನ್ನು ಹಳೇ ಪದ್ಧತಿಯಲ್ಲಿ 2 ಲಕ್ಷದವರೆಗೆ ಸಂಬಳದ ಆದಾಯದಲ್ಲಿ ಸರಿದೂಗಿಸಬಹುದು, ಹೊಸ ಪದ್ಧತಿಯಲ್ಲಿ ಅದಕ್ಕೆ ಅವಕಾಶವಿಲ್ಲ.

ಮಗ ಅಮೆರಿಕದಲ್ಲೋ ದುಬೈಯಲ್ಲೋ ಇದ್ದು, ಅವನ ಹೆಸರಿನ ಫ್ಲ್ಯಾಟನ್ನು ಇಲ್ಲಿ ತಂದೆ-ತಾಯಿ ನೋಡಿಕೊಳ್ಳುತ್ತಿದ್ದರೆ ಒಂದು ಮಾತು. ಅನಿವಾಸಿ ಮಾಲೀಕರಿಗೆ ಬಾಡಿಗೆ ಕಟ್ಟುವವರು, ಮೊತ್ತ ಎಷ್ಟೇ ಚಿಕ್ಕದಿರಲಿ, ಸಾಮಾನ್ಯವಾಗಿ ಶೇ 31.2ರಷ್ಟು ಟಿಡಿಎಸ್ ಹಿಡಿದು ಕಟ್ಟಬೇಕು. ಆದ್ದರಿಂದ ಅಗ್ರಿಮೆಂಟು ಮಗನ ಹೆಸರಿನಲ್ಲೇ ಆಗಲಿ, ನೀವು ಅಧಿಕಾರ ಪತ್ರದ ಮೇಲೆ ಸಹಿ ಮಾಡಿ, ಬಾಡಿಗೆ ಅವನ ಎನ್‌ಆರ್‌ಒ ಖಾತೆಗೆ ಹೋಗಲಿ. ಹೆಚ್ಚಾಗಿ ಹಿಡಿದದ್ದು ರಿಟರ್ನ್ಸ್ ಸಲ್ಲಿಸಿದರೆ ವಾಪಸು ಬರುತ್ತದೆ.