ಬ್ರೇಕ್ ಆಯಿಲ್ ಬದಲಿಸುವ ಕ್ರಮ

ಅಡಿಕೆ ಮೂಟೆ ಹೇರಿಕೊಂಡು ಮೇಲುಕೋಟೆ ಬೆಟ್ಟ ಇಳಿಯುವ ಜೀಪಿನ ಬ್ರೇಕ್ ಬಿಸಿಯೇರುತ್ತದೆ. ಆಗ ಪೆಡಲು ಮೆತ್ತಗಾಗಿ ತಳ ಮುಟ್ಟಿದರೆ, ಹಳೆಯ ಆಯಿಲನ್ನು ನಾವು ಮೊದಲು ಶಂಕಿಸಬೇಕು. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಮಿತಿ 140. ಕುದಿದು ಎದ್ದ ಆವಿ ಒತ್ತಿದರೆ ಕುಗ್ಗುತ್ತದೆ. ಕಾಲಿನ ಬಲ ಚಕ್ರಕ್ಕೆ ತಲುಪುವುದಿಲ್ಲ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ. ತೋಟದೊಳಗೆ ಓಡಿಸುವ ಎ.ಟಿ.ವಿ.ಗೂ ಇದೇ ಮಾತು.

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಡಬ್ಬಿಯ ಮುಚ್ಚಳ ಒರೆಸಿ ತೆಗೆದು, ಹಳೆಯದನ್ನು ಹೀರಿ ತೆಗೆದು, ಕೈಪಿಡಿ ಹೇಳಿದ ದರ್ಜೆಯ ಹೊಸ ಆಯಿಲ್ ತುಂಬಿ. ಸಾಮಾನ್ಯವಾಗಿ ದೂರದ ಚಕ್ರದಿಂದ ಆರಂಭ. ಅದರ ನಿಪ್ಪಲ್ಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ಆಯಿಲಿರುವ ಸೀಸೆಯಲ್ಲಿ ಮುಳುಗಿಸಿ. ಒಬ್ಬರು ಪೆಡಲು ಒತ್ತಿ ಹಿಡಿಯಲಿ. ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಬಿಗಿದ ಮೇಲೆಯೇ ಕಾಲು ತೆಗೆಯಲಿ. ಗುಳ್ಳೆಯಿಲ್ಲದ ತಿಳಿ ಆಯಿಲ್ ಬರುವವರೆಗೆ ಹೀಗೆ ಮಾಡಿ. ನಡುವೆ ಡಬ್ಬಿ ಬರಿದಾದರೆ ಗಾಳಿ ಹೊಕ್ಕು ಪಟ್ಟ ಶ್ರಮ ವ್ಯರ್ಥ.

ಎಂಜಿನ್ ಆಯಿಲ್ ಸುರಿದರೆ ರಬ್ಬರು ಉಬ್ಬಿ ಬ್ರೇಕ್ ಕೆಡುತ್ತದೆ. ತೆಗೆದ ಆಯಿಲನ್ನು ಮತ್ತೆ ಬಳಸಬೇಡಿ, ನಾಲೆಗೂ ಚೆಲ್ಲಬೇಡಿ. ಪೆಡಲು ಗಟ್ಟಿಯಾಗಿದೆಯೆಂದು ಖಾಲಿ ಗಾಡಿಯಲ್ಲಿ ನಿಧಾನವಾಗಿ ಪರೀಕ್ಷಿಸಿದ ಮೇಲೆಯೇ ಮೂಟೆ ಹೇರೋಣ.