ಹೈನುಗಾರಿಕೆಯಲ್ಲಿ ದುಡಿಮೆಯ ಹೊರೆ ತಗ್ಗಿಸಲು ಗೋಮಾಳದ ಬಳಕೆ

ಮಾನ್ಯ ಗ್ರಾಮ ಪಂಚಾಯತ ಸದಸ್ಯರ ಅವಗಾಹನೆಗಾಗಿ.

ಸುಮಾರು 300 ಕಿ.ಗ್ರಾಂ ತೂಕದ ಹಸುವಿಗೆ ದಿನವೊಂದಕ್ಕೆ 30ರಿಂದ 35 ಕಿ.ಗ್ರಾಂ ಹಸಿ ಮೇವು ಬೇಕು. ಮೂರು ಹಸುಗಳನ್ನು ಕೊಟ್ಟಿಗೆಯಲ್ಲಿಯೇ ಕಟ್ಟಿ ಸಾಕುವ ಕುಟುಂಬವು ನಿತ್ಯ ಸುಮಾರು ಒಂದು ಕ್ವಿಂಟಲ್ ಹುಲ್ಲನ್ನು ಕೊಯ್ದು ಹೊತ್ತು ತರಬೇಕು. ಬಳಿಕ ಸಗಣಿಯನ್ನು ಎತ್ತಿ ತಿಪ್ಪೆಗೆ ಸಾಗಿಸಬೇಕು. ಹಾಲಿನ ಲೆಕ್ಕ ಸಂಘದ ಪುಸ್ತಕದಲ್ಲಿ ದಾಖಲಾಗುತ್ತದೆ. ಬಹುಮಟ್ಟಿಗೆ ಮಹಿಳೆಯರೇ ಮಾಡುವ ಈ ದುಡಿಮೆ ಎಲ್ಲಿಯೂ ದಾಖಲಾಗುವುದಿಲ್ಲ.

ಬೆಳಗಿನ ಹಾಲು ಕರೆದ ಬಳಿಕ ಐದಾರು ಗಂಟೆ ಮೇಯಲು ಬಿಟ್ಟರೆ, ಹುಲ್ಲು ಹಸಿರಾಗಿರುವ ತಿಂಗಳುಗಳಲ್ಲಿ ಹೊರೆ ಹೊರುವ ಕೆಲಸ ಗಣನೀಯವಾಗಿ ತಗ್ಗುತ್ತದೆ. ಸಗಣಿಯ ಒಂದು ಪಾಲು ನೆಲಕ್ಕೇ ಗೊಬ್ಬರವಾಗುತ್ತದೆ. ನಮ್ಮ ಭಾಗದ ಗೌಳಿ ಕುಟುಂಬಗಳು ಎಮ್ಮೆಗಳನ್ನು ಸಾಕಿಕೊಂಡು ಬಂದಿರುವುದು ಮೇಯಿಸಿಯೇ. ಆದರೆ ಮನೆಗೊಬ್ಬರು ದನದ ಹಿಂದೆ ಹೊರಟರೆ ಉಳಿತಾಯವೇನೂ ಆಗದು. ಹತ್ತು ಮನೆಯವರು ಸರದಿ ಗೊತ್ತುಪಡಿಸಿಕೊಂಡರೆ ಒಂದು ಮನೆಯ ಪಾಳಿ ಹತ್ತು ದಿನಕ್ಕೊಮ್ಮೆ ಬರುತ್ತದೆ.

ಅಂಬೇವಾಡಿಯಂತಹ ಗ್ರಾಮಗಳಿಗೆ ಒಂದೆಡೆ ದಾಂಡೇಲಿ ಪಟ್ಟಣ, ಇನ್ನೊಂದೆಡೆ ಅರಣ್ಯ. ಕಾಳಿ ಹುಲಿ ಸಂರಕ್ಷಿತ ಪ್ರದೇಶವನ್ನು ಮೇವಿಗಾಗಿ ನೆಚ್ಚಿಕೊಳ್ಳಲಾಗದು. ಆದ್ದರಿಂದ ಗೋಮಾಳವೇ ಇಲ್ಲಿ ಮುಖ್ಯ. ಕರ್ನಾಟಕ ಭೂ ಕಂದಾಯ ನಿಯಮಗಳು, 1966ರ ನಿಯಮ 97ರಂತೆ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್ ಕಾಯ್ದಿರಿಸಬೇಕು. ಗ್ರಾಮದ ಸಾಮೂಹಿಕ ಭೂಮಿಯ ಒತ್ತುವರಿ ತೆರವುಗೊಳಿಸುವಂತೆ ಸರ್ವೋಚ್ಚ ನ್ಯಾಯಾಲಯವು 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿದೆ. ಪಹಣಿಯಲ್ಲಿ ಗೋಮಾಳವಿದ್ದು ಸ್ಥಳದಲ್ಲಿ ಲಂಟಾನ ಪೊದೆಯಷ್ಟೇ ಇದ್ದರೆ, ಅದೂ ಒಂದು ಬಗೆಯ ಒತ್ತುವರಿಯೆಂದೇ ನನ್ನ ಅಭಿಪ್ರಾಯ.

ಲಂಟಾನವನ್ನು ಬೇರುಸಹಿತ ಕೀಳಿಸಿ, ಮುಂಗಾರಿನ ಮೊದಲ ಮಳೆಗೆ ಸ್ಟೈಲೋ ಬೀಜ ಚೆಲ್ಲಬಹುದು. ಜಾಗವನ್ನು ನಾಲ್ಕು ಭಾಗ ಮಾಡಿ ವಾರಕ್ಕೊಂದರಂತೆ ಮೇಯಿಸಿದರೆ ಉಳಿದವು ಮೂರು ವಾರ ಚಿಗುರಲು ಅವಕಾಶ ಪಡೆಯುತ್ತವೆ. ಎಲ್ಲಕ್ಕಿಂತ ಮೊದಲು ನೀರಿನ ತೊಟ್ಟಿ ಬೇಕು. ನೀರಿಲ್ಲದಿದ್ದರೆ ಮಧ್ಯಾಹ್ನಕ್ಕೇ ದನಗಳನ್ನು ಮನೆಗೆ ಹೊಡೆದುಕೊಂಡು ಬರಬೇಕಾಗುತ್ತದೆ, ಆಗ ಮೇವನ್ನು ಮತ್ತೆ ಹೊತ್ತೇ ತರಬೇಕು.

ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸುಗಳಿಗೆ ಮೇಯುವುದಷ್ಟೇ ಸಾಲದು, ಪಶು ಆಹಾರ ತಪ್ಪಿಸಬಾರದು. ಮಾರ್ಚ್‌ನಿಂದ ಮೇವರೆಗೆ ಭತ್ತದ ಹುಲ್ಲಿನ ಬಣವೆಯೇ ಆಧಾರ. ಹಲವು ಮನೆಗಳ ದನಗಳು ಒಂದೆಡೆ ಸೇರುವುದರಿಂದ ಜಂತುನಾಶಕ ಔಷಧ ಹಾಗೂ ಕಾಲುಬಾಯಿ ಜ್ವರದ ಲಸಿಕೆಯನ್ನು ಪಶುವೈದ್ಯಾಧಿಕಾರಿಗಳ ಸಲಹೆಯಂತೆ ಮೊದಲೇ ಕೊಡಿಸತಕ್ಕದ್ದು.

ಸದಸ್ಯರು ತಮ್ಮ ವಾರ್ಡಿನ ಜಾನುವಾರುಗಳ ಸಂಖ್ಯೆ ಹಾಗೂ ಗೋಮಾಳದ ಸರ್ವೆ ನಂಬರುಗಳನ್ನು ಮುಂದಿನ ಗ್ರಾಮಸಭೆಗೆ ಮುನ್ನ ಪಟ್ಟಿ ಮಾಡಿಕೊಡಬೇಕಾಗಿ ಕೋರಿದೆ. ಹುಲ್ಲು ಹೊರುವ ಮಹಿಳೆಯರು ಆ ಸಭೆಯಲ್ಲಿ ಹಾಜರಿರುವಂತೆ ಸಮಯವನ್ನು ಹಾಲು ಕರೆಯುವ ಹೊತ್ತಿಗೆ ಇಡದಿರುವುದು ಒಳಿತು.